ಹಳೇ ಆಟ, ಹೊಸ ಲಿನಕ್ಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹಳೇ ಕಂಪ್ಯೂಟರ್ ಆಟಗಳ ಪ್ರಶ್ನೆಯೇ ಜಾಸ್ತಿ. ಅದೂ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ನೀವು ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿ. ದೊಡ್ಡ ಅಕ್ಷರ ಬೇಕಾದ ಕಡೆ ಅಲ್ಲೇ ಹೇಳಿದ್ದೇನೆ.

ಪ್ರಶ್ನೆ: ಸರ್, 2004ರ ಸುಮಾರಿಗೆ ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಕ್ವೇಕ್ 3 ಅರೀನಾ ಆಡುತ್ತಿದ್ದೆವು. ನನ್ನ ಮಷೀನಿನಲ್ಲಿ ಲಿನಕ್ಸ್ ಇತ್ತು, ಅದಕ್ಕೆ ಆಟದ ಲಿನಕ್ಸ್ ಆವೃತ್ತಿ 1.32 ಹಾಕಿಕೊಂಡಿದ್ದೆ. ಆ ಹಾರ್ಡ್ ಡಿಸ್ಕ್ ಇನ್ನೂ ನಡೆಯುತ್ತದೆ. ಫೋಲ್ಡರ್ ಪೂರ್ತಿ ಹೊಸ ಲ್ಯಾಪ್‌ಟಾಪಿನ ಉಬುಂಟು 22.04ಕ್ಕೆ ಕಾಪಿ ಮಾಡಿದೆ. ಓಡಿಸಿದರೆ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಅಂತ ಬರುತ್ತದೆ. ಫೈಲ್ ಕಣ್ಣೆದುರಿಗೇ ಐತಲ್ರೀ! ಆಗ ಉಳಿಸಿಟ್ಟ ನಮ್ಮ ಆಟದ ಡೆಮೊಗಳನ್ನು (ಆಡಿದ್ದರ ರೆಕಾರ್ಡಿಂಗ್) ಗೆಳೆಯರಿಗೆ ತೋರಿಸಬೇಕು, ಅದಕ್ಕೆ ಆ ಹಳೇ ಆವೃತ್ತಿಯೇ ಬೇಕು. ಏನು ಮಾಡಲಿ?
(ಒಬ್ಬ ಓದುಗರು, ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಫೈಲ್ ಇದೆ. ಇಲ್ಲ ಅಂತ ಲಿನಕ್ಸ್ ಹೇಳುತ್ತಿರುವುದು ಬೇರೆ ಒಂದು ಫೈಲಿನ ಬಗ್ಗೆ. ಲಿನಕ್ಸಿನ ಪ್ರೋಗ್ರಾಂ ಫೈಲಿನೊಳಗೆ ಸಾಮಾನ್ಯವಾಗಿ ಒಂದು ಲೋಡರ್‌ನ ಹೆಸರು ಬರೆದಿರುತ್ತದೆ, ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳನ್ನು (ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಕೋಡ್ ಫೈಲುಗಳನ್ನು) ಹುಡುಕಿ ಜೋಡಿಸಿಕೊಡುವುದು ಅದರ ಕೆಲಸ. ನಿಮ್ಮ ಕ್ವೇಕ್ 32 ಬಿಟ್ ಪ್ರೋಗ್ರಾಂ. ಅದು ಕೇಳುವ ಲೋಡರ್ ‘ಲಿಬ್’ ಫೋಲ್ಡರಿನಲ್ಲಿರಬೇಕಾದ ‘ಎಲ್‌ಡಿ-ಲಿನಕ್ಸ್.ಎಸ್‌ಓ.2’. ಈಗಿನ 64 ಬಿಟ್ ಉಬುಂಟು ಹಾಕಿದಾಗ ಅದು ತಾನಾಗಿ ಬಂದಿರುವುದಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ಆಟದ ಫೈಲ್ ತೆರೆಯಿತು, ಒಳಗೆ ಬರೆದಿದ್ದ ಲೋಡರ್ ಹುಡುಕಿತು, ಸಿಗಲಿಲ್ಲ, ‘ಫೈಲ್ ಇಲ್ಲ’ ಎಂದು ವಾಪಸ್ ಹೇಳಿತು. ಯಾವ ಫೈಲ್ ಅನ್ನುವುದನ್ನು ಮಾತ್ರ ಹೇಳಲಿಲ್ಲ. ನಿಮ್ಮ ಕಮಾಂಡ್ ಓದುವ ಶೆಲ್ ಆ ಮಾತನ್ನು ನಿಮ್ಮ ಆಟದ ಹೆಸರಿನ ಮುಂದೆ ಹಾಕಿ ತೋರಿಸಿತು. ಎಷ್ಟೋ ಜನ ಇಲ್ಲೇ ಸೋತು, ಕಾಪಿ ಕೆಟ್ಟಿದೆ ಅಂದುಕೊಂಡು ಫೋಲ್ಡರನ್ನೇ ಅಳಿಸಿಬಿಡುತ್ತಾರೆ, ಅದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಬ್ಯಾಶ್ ಎಂಬ ಶೆಲ್ಲಿನ 5.2ರಿಂದ ಈ ಸಂದೇಶ ‘ರಿಕ್ವೈರ್ಡ್ ಫೈಲ್ ನಾಟ್ ಫೌಂಡ್’ ಎಂದು ಬದಲಾಗಿದೆ, ಈಗ ಸ್ವಲ್ಪವಾದರೂ ಅರ್ಥವಾಗುತ್ತದೆ.

ಖಾತ್ರಿ ಮಾಡಿಕೊಳ್ಳಲು ಟರ್ಮಿನಲ್‌ನಲ್ಲಿ ‘ಫೈಲ್ ಕ್ವೇಕ್3.ಎಕ್ಸ್86’ ಎಂದು ಕೇಳಿ ನೋಡಿ. ಉತ್ತರದಲ್ಲಿ 32 ಬಿಟ್ ಎಂದೂ, ಇಂಟರ್‌ಪ್ರಿಟರ್ ಎಂಬ ಮಾತಿನ ಮುಂದೆ ಆ ಲೋಡರಿನ ಹೆಸರೂ ಕಾಣುತ್ತದೆ.

ಇನ್ನು ದಾರಿ. ಮೊದಲು ‘ಸುಡೊ ಡಿಪಿಕೆಜಿ --ಆ್ಯಡ್-ಆರ್ಕಿಟೆಕ್ಚರ್ ಐ386’ ಕೊಡಿ (ಐ386 ಎಂದರೆ 32 ಬಿಟ್), ಆಮೇಲೆ ‘ಸುಡೊ ಆಪ್ಟ್ ಅಪ್‌ಡೇಟ್’. ಆಮೇಲೆ ‘ಲಿಬ್‌ಸಿ6:ಐ386’, ‘ಲಿಬ್‌ಎಕ್ಸ್11-6:ಐ386’, ‘ಲಿಬ್‌ಎಕ್ಸ್‌ಎಕ್ಸ್‌ಟಿ6:ಐ386’ (ಮೊದಲ ಎಕ್ಸ್ ಆದ ಮೇಲೆ ಇ, ಎಕ್ಸ್, ಟಿ), ‘ಲಿಬ್‌ಜಿಎಲ್1:ಐ386’ ಇವನ್ನು ಇನ್‌ಸ್ಟಾಲ್ ಮಾಡಿ. ಎನ್‌ವಿಡಿಯಾ ಕಾರ್ಡ್ ಇದ್ದರೆ ಅದರ ಡ್ರೈವರಿನ 32 ಬಿಟ್ ಭಾಗವೂ ಬೇಕು, ಅದೂ ಈಗಿರುವ ಡ್ರೈವರಿನದೇ ನಂಬರಿನದು. ಅಷ್ಟಾದ ಮೇಲೆ ‘ಎಲ್‌ಡಿಡಿ ಕ್ವೇಕ್3.ಎಕ್ಸ್86’ ಕೊಟ್ಟರೆ ಯಾವ ಲೈಬ್ರರಿ ಸಿಕ್ಕಿದೆ, ಯಾವುದು ‘ನಾಟ್ ಫೌಂಡ್’ ಅಂತ ಸಾಲಾಗಿ ತೋರಿಸುತ್ತದೆ. ಇಲ್ಲದ್ದನ್ನು ಒಂದೊಂದಾಗಿ ಹಾಕುತ್ತಾ ಹೋಗಿ.

ಇಲ್ಲಿ ಒಂದು ಆಸೆ ಎಲ್ಲರಿಗೂ ಬರುತ್ತದೆ. ಹಳೇ ಹಾರ್ಡ್ ಡಿಸ್ಕಿನಲ್ಲೇ ಲೈಬ್ರರಿಗಳಿವೆಯಲ್ಲ, ಅವನ್ನೇ ತಂದು ಹಾಕಿದರಾಯಿತು ಅಂತ. ಕೆಲವನ್ನು ತರಬಹುದು. ಆಟದ ಫೋಲ್ಡರಿನೊಳಗೇ ಒಂದು ಫೋಲ್ಡರ್ ಮಾಡಿ ಅಲ್ಲಿಟ್ಟು, ‘ಎಲ್‌ಡಿ ಲೈಬ್ರರಿ ಪಾತ್’ ಎಂಬ ವೇರಿಯಬಲ್ ಮೂಲಕ ಆ ಜಾಗ ತೋರಿಸಿದರೆ (ಪದಗಳ ನಡುವೆ ಅಂಡರ್‌ಸ್ಕೋರ್, ಎಲ್ಲ ದೊಡ್ಡ ಅಕ್ಷರ) ಆಟ ಅವನ್ನು ತೆಗೆದುಕೊಳ್ಳುತ್ತದೆ. ಆದರೆ ಲಿಬ್‌ಸಿ ಮತ್ತು ಲಿಬ್‌ಜಿಎಲ್ ಮಾತ್ರ ಹಳೆಯದನ್ನು ತರಬೇಡಿ. ಗ್ರಾಫಿಕ್ಸ್ ಲೈಬ್ರರಿ ಈಗಿನ ಕರ್ನಲ್ ಡ್ರೈವರಿನ ಜೊತೆ ಮಾತಾಡಬೇಕು, 2004ರ ಲೈಬ್ರರಿಗೆ ಈಗಿನ ಕಾರ್ಡ್ ಏನೂ ಗೊತ್ತಿರುವುದಿಲ್ಲ.

ಈಗ ಆಟ ಶುರುವಾಗಿ ಕೂಡಲೇ ಬಿದ್ದರೆ ಹೆದರಬೇಡಿ, ಅದಕ್ಕೂ ಕಾರಣ ಗೊತ್ತಿದೆ. ಆಟ ಶುರುವಾದಾಗ ಗ್ರಾಫಿಕ್ಸ್ ಡ್ರೈವರನ್ನು ‘ನಿನಗೆ ಏನೇನು ಬರುತ್ತದೆ’ ಎಂದು ಕೇಳುತ್ತದೆ. ಆ ಕಾಲದ ಡ್ರೈವರಿನ ಪಟ್ಟಿ ಚಿಕ್ಕದಿತ್ತು, ಅದಕ್ಕೆ ತಕ್ಕಷ್ಟೇ ಜಾಗವನ್ನು ಆಟ ಬರೆದವರು ಇಟ್ಟಿದ್ದರು. ಈಗಿನ ಡ್ರೈವರಿನ ಪಟ್ಟಿ ಎಷ್ಟೋ ಪಟ್ಟು ಉದ್ದ. ಜಾಗ ತುಂಬಿ ಉಕ್ಕಿ ಆಟ ಬೀಳುತ್ತದೆ. ಇಂಟೆಲ್, ಎಎಂಡಿ ಕಾರ್ಡುಗಳಿಗೆ ಬಳಸುವ ಮೆಸಾ ಡ್ರೈವರಿನಲ್ಲಿ ಇದಕ್ಕೆಂದೇ ಒಂದು ವೇರಿಯಬಲ್ ಇಟ್ಟಿದ್ದಾರೆ: ‘ಮೆಸಾ ಎಕ್ಸ್‌ಟೆನ್ಶನ್ ಮ್ಯಾಕ್ಸ್ ಇಯರ್’, ಇದಕ್ಕೂ ದೊಡ್ಡ ಅಕ್ಷರ, ನಡುವೆ ಅಂಡರ್‌ಸ್ಕೋರ್. ಅದಕ್ಕೆ 2003 ಎಂದು ಕೊಟ್ಟು ಆಟ ಓಡಿಸಿದರೆ ಡ್ರೈವರ್ ಆ ವರ್ಷದವರೆಗಿನ ಪಟ್ಟಿಯನ್ನಷ್ಟೇ ಹೇಳುತ್ತದೆ. ಹಳೇ ಆಟಗಳನ್ನು ನೆನೆದು ಡ್ರೈವರ್ ಬರೆಯುವವರು ಇಂಥದ್ದೊಂದನ್ನು ಇಟ್ಟಿದ್ದಾರಲ್ಲ, ಅದು ನನಗೆ ಬಹಳ ಇಷ್ಟ.

ಸದ್ದಿನ ಕಥೆ ಇನ್ನೂ ಕಷ್ಟ. ಆಗಿನ ಆಟಗಳು ‘ಡೆವ್’ ಫೋಲ್ಡರಿನ ‘ಡಿಎಸ್‌ಪಿ’ ಎಂಬ ಫೈಲಿಗೆ ನೇರವಾಗಿ ಸದ್ದು ಬರೆಯುತ್ತಿದ್ದವು. ಓಎಸ್‌ಎಸ್ ಎಂಬ ಆ ಹಳೇ ಪದ್ಧತಿ ಹೋಗಿ ಅಲ್ಸಾ ಬಂತು, ಅದರ ಮೇಲೆ ಪಲ್ಸ್‌ಆಡಿಯೊ ಬಂತು, ಈಗ ಪೈಪ್‌ವೈರ್. ಉಬುಂಟು ಕರ್ನಲ್‌ನಲ್ಲಿ ಆ ಫೈಲ್ ಈಗ ಇಲ್ಲ. ‘ಪ್ಯಾಡ್‌ಎಸ್‌ಪಿ’ ಎಂಬ ಪುಟ್ಟ ಪ್ರೋಗ್ರಾಂ ಮುಂದಿಟ್ಟು ಓಡಿಸಿದರೆ ಎಷ್ಟೋ ಹಳೇ ಆಟಗಳಿಗೆ ಸದ್ದು ಬರುತ್ತದೆ, ಆದರೆ ಕ್ವೇಕ್ 3ಕ್ಕೆ ಬರುವುದಿಲ್ಲ. ಯಾಕಂದ್ರೆ ಅದು ಸೌಂಡ್ ಕಾರ್ಡಿನ ಮೆಮೊರಿಯನ್ನೇ ತನ್ನ ಜಾಗಕ್ಕೆ ಎಳೆದುಕೊಂಡು ಅಲ್ಲಿ ಬರೆಯುತ್ತದೆ, ಪ್ಯಾಡ್‌ಎಸ್‌ಪಿಗೆ ಆ ಕೆಲಸ ಬರುವುದಿಲ್ಲ. ಸದ್ದಿಲ್ಲದೆಯಾದರೂ ಆಟ ಏಳುತ್ತದಾ ನೋಡಲು ‘+ಸೆಟ್ ಎಸ್_ಇನಿಟ್‌ಸೌಂಡ್ 0’ ಸೇರಿಸಿ ಓಡಿಸಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ ಹೇಳುತ್ತೇನೆ. ನಿಮಗೆ ಬೇಕಾದದ್ದು ಆ ಡೆಮೊಗಳು, ಆ ಅಖಾಡಗಳು, ಆ ಓಟ. ಅವೆಲ್ಲ ಇರುವುದು ‘ಬೇಸ್‌ಕ್ಯೂ3’ ಫೋಲ್ಡರಿನ ಡೇಟಾ ಫೈಲುಗಳಲ್ಲಿ. ಓಡಿಸುವ ಪ್ರೋಗ್ರಾಂ ಬೇರೆ. ಕ್ವೇಕ್ 3 ಮಾರುಕಟ್ಟೆಗೆ ಬಂದದ್ದು 1999ರ ಡಿಸೆಂಬರಿನಲ್ಲಿ. 2005ರ ಆಗಸ್ಟ್‌ನಲ್ಲಿ ಐಡಿ ಸಾಫ್ಟ್‌ವೇರ್ ಕಂಪನಿ ಅದರ ಎಂಜಿನ್ನಿನ ಸೋರ್ಸ್ ಕೋಡನ್ನು ಜಿಪಿಎಲ್ ಲೈಸೆನ್ಸಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದನ್ನು ಹಿಡಿದು ಇವತ್ತಿಗೂ ನಡೆಸಿಕೊಂಡು ಬಂದಿರುವ ಎಂಜಿನ್ ‘ಐಓಕ್ವೇಕ್3’. 64 ಬಿಟ್ಟಿನಲ್ಲಿ ಓಡುತ್ತದೆ, ಎಸ್‌ಡಿಎಲ್ ಎಂಬ ಲೈಬ್ರರಿ ಮೂಲಕ ಸದ್ದು ಕೊಡುತ್ತದೆ, ಉದ್ದದ ಪಟ್ಟಿ ಕೊಟ್ಟರೂ ಬೀಳುವುದಿಲ್ಲ. ‘ಸುಡೊ ಆಪ್ಟ್ ಇನ್‌ಸ್ಟಾಲ್ ಐಓಕ್ವೇಕ್3’ ಎಂದರೆ ಬರುತ್ತದೆ. ‘+ಸೆಟ್ ಎಫ್‌ಎಸ್_ಬೇಸ್‌ಪಾತ್’ ಕೊಟ್ಟು ನಿಮ್ಮ ಹಳೇ ಫೋಲ್ಡರ್ ತೋರಿಸಿ. ಪ್ಯಾಕ್0 ಎಂಬ ಮುಖ್ಯ ಡೇಟಾ ಫೈಲ್ ಫ್ರೀ ಅಲ್ಲ, ಅದು ನೀವು ಕೊಂಡ ಡಿಸ್ಕಿನದೇ ಆಗಿರಬೇಕು. ಪ್ಯಾಕ್1ರಿಂದ ಪ್ಯಾಕ್8ರವರೆಗಿನವು 1.32ರ ಅಪ್‌ಡೇಟ್ ಜೊತೆ ಬಂದವು, ನಿಮ್ಮ ಫೋಲ್ಡರಿನಲ್ಲೇ ಇರಬೇಕು.

ನಿಮ್ಮ ಡೆಮೊ ಫೈಲುಗಳ ಹೆಸರಿನ ಕೊನೆಯಲ್ಲಿ ‘ಡಿಎಂ_68’ ಅಂತ ಇದೆಯಾ ನೋಡಿ. 68 ಅನ್ನುವುದು ಆವೃತ್ತಿ 1.32ರ ನೆಟ್‌ವರ್ಕ್ ಭಾಷೆಯ ನಂಬರ್. ಐಓಕ್ವೇಕ್3 ಅದನ್ನು ಓದುತ್ತದೆ, ಅದಕ್ಕಿಂತ ಸ್ವಲ್ಪ ಹಳೆಯದಾದ 66ನ್ನೂ ಓದುತ್ತದೆ. ಬೇಸ್‌ಕ್ಯೂ3 ಒಳಗಿನ ‘ಡೆಮೋಸ್’ ಫೋಲ್ಡರಿಗೆ ಹಾಕಿ ಮೆನುವಿನಿಂದ ತೆರೆಯಿರಿ. ಸಿಗದಿದ್ದರೆ ಹಳೇ ಡಿಸ್ಕಿನ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ‘.ಕ್ಯೂ3ಎ’ ಎಂಬ ಅಡಗಿದ ಫೋಲ್ಡರ್ ಹುಡುಕಿ, ಲಿನಕ್ಸ್ ಆವೃತ್ತಿ ಡೆಮೊ ಮತ್ತು ಸೆಟ್ಟಿಂಗ್ ಎರಡನ್ನೂ ಅಲ್ಲೇ ಉಳಿಸುತ್ತಿತ್ತು, ಆಟದ ಫೋಲ್ಡರ್ ಮಾತ್ರ ಕಾಪಿ ಮಾಡಿದವರು ಇದನ್ನು ಬಿಟ್ಟೇ ಬಿಟ್ಟಿರುತ್ತಾರೆ. ಆಗ ಹಾಕಿಕೊಂಡ, ಆಟವನ್ನು ಮಾರ್ಪಡಿಸುವ ಮಾಡ್‌ಗಳು ‘ಕ್ಯೂವಿಎಂ’ ಫೈಲುಗಳಾಗಿದ್ದರೆ ಅವೂ ನಡೆಯುತ್ತವೆ. ಆ ಫೈಲುಗಳು ಯಾವುದೇ ಪ್ರೊಸೆಸರಿಗೆ ಕಟ್ಟುಬಿದ್ದವಲ್ಲ.

ಇನ್ನೊಂದು. ಈಗಿನ ಕಾರ್ಡಿಗೆ ಈ ಆಟ ಏನೇನೂ ಭಾರವಲ್ಲ. ಸುಮ್ನೆ ಬಿಟ್ಟರೆ ನೂರಾರು ಫ್ರೇಮ್ ಎಸೆಯುತ್ತಾ ಫ್ಯಾನ್ ಕೂಗಿಸುತ್ತದೆ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದು ಲ್ಯಾಪ್‌ಟಾಪಿಗೆ ಒಳ್ಳೆಯದಲ್ಲ. ‘ಕಾಮ್_ಮ್ಯಾಕ್ಸ್‌ಎಫ್‌ಪಿಎಸ್’ ಅನ್ನು 125ಕ್ಕೆ ಇಡಿ. ಈ ಆಟದಲ್ಲಿ ಜಿಗಿತದ ಎತ್ತರಕ್ಕೂ ಫ್ರೇಮಿನ ಲೆಕ್ಕಕ್ಕೂ ಸಂಬಂಧವಿದೆ, ಅದಕ್ಕೇ ಆಗಿನ ಗಟ್ಟಿ ಆಟಗಾರರೂ 125ನ್ನೇ ಇಟ್ಟುಕೊಳ್ಳುತ್ತಿದ್ದರು.

ಪ್ರಶ್ನೆ: ನಾನು ಸ್ಟೀಮ್ ಹಾಕಲು ಹೋದಾಗಲೂ ಈ ‘ಐ386’ ಕೇಳಿತು. 32 ಬಿಟ್ ಎಲ್ಲ ನಿಂತು ಹೋಗುತ್ತದೆ ಅಂತ ಎಲ್ಲೋ ಓದಿದೆ. ನಿಜವೇ?
(ಒಬ್ಬ ಐಟಿಐ ವಿದ್ಯಾರ್ಥಿ, ಗದಗ)

ಉತ್ತರ: 32 ಬಿಟ್ ಕಂಪ್ಯೂಟರಿಗೆ ಹಾಕುವ ಉಬುಂಟು ನಿಂತು ಹೋಗಿದೆ. 64 ಬಿಟ್ ಉಬುಂಟುವಿನ ಮೇಲೆ 32 ಬಿಟ್ ಪ್ರೋಗ್ರಾಂ ಓಡಿಸುವ ಲೈಬ್ರರಿಗಳು ಇವೆ. 2019ರ ಜೂನ್‌ನಲ್ಲಿ ಉಬುಂಟು ಅವನ್ನೂ ಬಿಡುತ್ತೇವೆ ಎಂದು ಹೇಳಿತ್ತು. ಆಟ ಮಾರುವ ಸ್ಟೀಮ್ ನಡೆಸುವ ವಾಲ್ವ್ ಕಂಪನಿ, ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸಿನಲ್ಲಿ ಓಡಿಸುವ ವೈನ್ ಬರೆಯುವವರು, ಆಟ ಆಡುವವರು ಎಲ್ಲರೂ ಎದ್ದು ಕೇಳಿದ್ದಕ್ಕೆ ಕೆಲವೇ ದಿನಗಳಲ್ಲಿ ಮಾತು ಬದಲಿಸಿ, ಬೇಕಾದ ಕೆಲವು ಪ್ಯಾಕೇಜುಗಳನ್ನು ಉಳಿಸಿಕೊಂಡಿತು. ಕೇಳಿದ್ದು ಸರಿಯಾಗಿತ್ತು. ಆ ಲೈಬ್ರರಿ ಹೋದರೆ ಇಪ್ಪತ್ತು ವರ್ಷದ ಆಟಗಳು ಒಟ್ಟಿಗೆ ಹೋಗುತ್ತಿದ್ದವು.

ಪ್ರಶ್ನೆ: ಮೊದಲ ಸಲ ಕಂಪ್ಯೂಟರ್ ಮುಟ್ಟಿದ್ದು 90ರ ದಶಕದಲ್ಲಿ, ಗದಗಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ. ಅಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ ಆಡುತ್ತಿದ್ದೆವು. ಈಗ ಮಗಳಿಗೆ ಅದನ್ನು ತೋರಿಸಬೇಕು. ಮನೆಯಲ್ಲಿ ಲಿನಕ್ಸ್ ಮಿಂಟ್ ಇದೆ.
(ಮಗ್ಗದ ಕೆಲಸದವರು, ಬೆಟಗೇರಿ)

ಉತ್ತರ: ಖಂಡಿತ ತೋರಿಸಿ. 1989ರಲ್ಲಿ ಆ್ಯಪಲ್ 2 ಕಂಪ್ಯೂಟರಿಗೆ ಬಂದು, 1990ರಲ್ಲಿ ಹಳೇ ಪಿಸಿಗಳ ಡಾಸ್‌ಗೆ ಬಂದ ಆಟ ಅದು. ಬರೆದವರು ಜೋರ್ಡನ್ ಮೆಕ್ನರ್. ಆ ರಾಜಕುಮಾರ ಓಡುವ, ತುದಿಯಲ್ಲಿ ಕೈಬೆರಳಲ್ಲಿ ನೇತಾಡುವ ಚಲನೆ ಅಷ್ಟು ಸಹಜವಾಗಿರುವುದಕ್ಕೆ ಕಾರಣವಿದೆ. ಮೆಕ್ನರ್ ತಮ್ಮ ತಮ್ಮನನ್ನು ಓಡಿಸಿ, ಜಿಗಿಸಿ ವಿಡಿಯೊ ತೆಗೆದು, ಅದರ ಒಂದೊಂದು ಚಿತ್ರ ನೋಡಿಕೊಂಡು ಬಿಡಿಸಿದ್ದರು. ಇದನ್ನೂ ಮಗಳಿಗೆ ಹೇಳಿ, ಅವಳಿಗೆ ಇಷ್ಟವಾಗುತ್ತದೆ.

ನಿಮ್ಮಲ್ಲಿ ಆಟದ ಫೋಲ್ಡರ್ ಇದ್ದರೆ ‘ಡಾಸ್‌ಬಾಕ್ಸ್’ ಹಾಕಿಕೊಳ್ಳಿ. ಅದು ಹಳೇ ಪಿಸಿಯನ್ನು, ಅದರ ಡಾಸ್ ಮತ್ತು ಸೌಂಡ್ ಬ್ಲಾಸ್ಟರ್ ಕಾರ್ಡನ್ನು ಪೂರ್ತಿ ಸಾಫ್ಟ್‌ವೇರಿನಲ್ಲೇ ಕಟ್ಟಿಕೊಡುತ್ತದೆ. ತೆರೆದ ಕಪ್ಪು ಕಿಟಕಿಯಲ್ಲಿ ‘ಮೌಂಟ್ ಸಿ’ ಎಂದು ಬರೆದು ಆಟದ ಫೋಲ್ಡರಿನ ದಾರಿ ಕೊಡಿ, ‘ಸಿ:’ ಹೊಡೆದು ಎಂಟರ್ ಒತ್ತಿ, ಆಮೇಲೆ ‘ಪ್ರಿನ್ಸ್’. ಆಟ ತೀರಾ ನಿಧಾನವಾದರೆ ಕಂಟ್ರೋಲ್ ಜೊತೆ ಎಫ್12, ಜೋರಾದರೆ ಕಂಟ್ರೋಲ್ ಜೊತೆ ಎಫ್11. ಆಲ್ಟ್ ಮತ್ತು ಎಂಟರ್ ಒತ್ತಿದರೆ ಪರದೆ ತುಂಬ ಬರುತ್ತದೆ.

ಇನ್ನೊಂದು ದಾರಿ ‘ಎಸ್‌ಡಿಎಲ್‌ಪಾಪ್’. ಡಾಸ್ ಆವೃತ್ತಿಯ ಪ್ರೋಗ್ರಾಮನ್ನು ಬಿಚ್ಚಿ ಓದಿ, ಅದೇ ನಡವಳಿಕೆ ಬರುವ ಹಾಗೆ ಹೊಸದಾಗಿ ಬರೆದದ್ದು. ಲಿನಕ್ಸಿನಲ್ಲಿ ನೇರವಾಗಿ ಓಡುತ್ತದೆ, ಎಲ್ಲಿ ಬೇಕಾದರೂ ಉಳಿಸಿ ಮತ್ತೆ ಅಲ್ಲಿಂದಲೇ ಆಡಬಹುದು. ಚಿಕ್ಕ ಮಕ್ಕಳಿಗೆ ಇದೇ ಒಳ್ಳೆಯದು, ಯಾಕಂದ್ರೆ ಮೂಲ ಆಟದಲ್ಲಿ ಎಲ್ಲ ಹಂತ ಸೇರಿ ಕೊಡುವುದು 60 ನಿಮಿಷ ಮಾತ್ರ. ಡಾಸ್‌ಬಾಕ್ಸಿನಲ್ಲೇ ಆಡುವುದಾದರೆ, ಆವೃತ್ತಿ 1.0 ಇದ್ದರೆ ‘ಪ್ರಿನ್ಸ್ ಮೆಗಾಹಿಟ್’ ಎಂದು ಶುರು ಮಾಡಿ, ಶಿಫ್ಟ್ ಜೊತೆ ಎಲ್ ಒತ್ತಿ ಮೊದಲ ಕೆಲವು ಹಂತ ದಾಟಬಹುದು. ನಿಮ್ಮ ಕ್ಲಾಸಿನಲ್ಲಿ ಇದು ಯಾರಿಗಾದರೂ ಗೊತ್ತಿದ್ದಿರಬೇಕು, ಅಲ್ವಾ?

ಪ್ರಶ್ನೆ: ನಾನು ಬ್ಯಾಟಲ್ ಫಾರ್ ವೆಸ್ನಾತ್ ಆಟದ ಒಂದು ಕ್ಯಾಂಪೇನನ್ನು 1.14ರಲ್ಲಿ ಅರ್ಧ ಆಡಿದ್ದೆ. ಪರೀಕ್ಷೆ, ಅದು ಇದು ಅಂತ ಬಿಟ್ಟೆ. ಈಗ ಲ್ಯಾಪ್‌ಟಾಪ್ ಅಪ್‌ಗ್ರೇಡ್ ಮಾಡಿದರೆ 1.18 ಬಂದಿದೆ, ಉಳಿಸಿದ ಆಟ ಪಟ್ಟಿಯಲ್ಲೇ ಇಲ್ಲ. ಹಳೇ ಆವೃತ್ತಿ ವಾಪಸ್ ಹಾಕಬಹುದೇ?
(ಒಬ್ಬ ಎಂಎಸ್‌ಸಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಹಾಕಬಹುದು, ಈಗಿನ 1.18ನ್ನು ತೆಗೆಯದೆಯೇ ಹಾಕಬಹುದು. ನಿಮ್ಮ ಆಟ ಎಲ್ಲೂ ಹೋಗಿಲ್ಲ ತಂಗಿ. ವೆಸ್ನಾತ್ ಪ್ರತಿ ದೊಡ್ಡ ಆವೃತ್ತಿಗೂ ಬೇರೆ ಫೋಲ್ಡರ್ ಇಡುತ್ತದೆ. ಹೋಮ್ ಫೋಲ್ಡರಿನಲ್ಲಿ ‘.ಲೋಕಲ್’, ಅದರೊಳಗೆ ‘ಶೇರ್’, ಅದರೊಳಗೆ ‘ವೆಸ್ನಾತ್’. ಅಲ್ಲಿ 1.14 ಮತ್ತು 1.18 ಎರಡೂ ಪಕ್ಕಪಕ್ಕದಲ್ಲಿ ಇರುತ್ತವೆ. ಹೊಸದು ಪಟ್ಟಿಯಲ್ಲಿ ಮೊದಲು ತೋರಿಸುವುದು ತನ್ನ ಫೋಲ್ಡರಿನ ಆಟಗಳನ್ನಷ್ಟೇ.

ಹಾಗಂತ 1.14ರ ಫೈಲನ್ನು ಹೊಸ ಫೋಲ್ಡರಿಗೆ ಎಳೆದು ಹಾಕಿದರೆ ಸಾಲದು. ಒಂದು ಸರಣಿಯಿಂದ ಇನ್ನೊಂದು ಸರಣಿಗೆ ಹೋದಾಗ ಯೋಧರ ಬಲ, ಕ್ಯಾಂಪೇನಿನ ಸ್ಕ್ರಿಪ್ಟ್, ನಕ್ಷೆ ಎಲ್ಲ ಬದಲಾಗಿರುತ್ತವೆ. ಕದನದ ಮಧ್ಯೆ ಉಳಿಸಿದ ಫೈಲ್ ತೆರೆದರೂ ಮುಂದೆ ಎಲ್ಲೋ ಕೈಕೊಡುತ್ತದೆ. ಒಂದು ಸನ್ನಿವೇಶದ ಶುರುವಿನಲ್ಲಿ ತಾನಾಗಿ ಉಳಿಯುವ ಫೈಲ್ ಇರುತ್ತದಲ್ಲ, ಅದು ನಡೆಯುವ ಸಾಧ್ಯತೆ ಜಾಸ್ತಿ. ಅದರ ಕಾಪಿ ಮಾಡಿ ಪ್ರಯತ್ನಿಸಬಹುದು. ಆದರೆ ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ 1.14ನ್ನೇ ಓಡಿಸುವುದು.

2021ರಲ್ಲಿ ಬಂದ ಡೆಬಿಯನ್ 11 ಎಂಬ ಲಿನಕ್ಸಿನಲ್ಲಿ ವೆಸ್ನಾತ್ 1.14 ಇದೆ. ಇಡೀ ಡೆಬಿಯನ್ 11 ಹಾಕುವ ಅಗತ್ಯ ಇಲ್ಲ. ‘ಪಾಡ್‌ಮನ್’ ಮತ್ತು ‘ಡಿಸ್ಟ್ರೋಬಾಕ್ಸ್’ ಎಂಬ ಎರಡು ಪ್ಯಾಕೇಜ್ ಹಾಕಿ. ‘ಡಿಸ್ಟ್ರೋಬಾಕ್ಸ್ ಕ್ರಿಯೇಟ್ --ನೇಮ್ ಹಳೇಮನೆ --ಇಮೇಜ್ ಡೆಬಿಯನ್:11’ ಎಂದರೆ ನಿಮ್ಮ ಕಂಪ್ಯೂಟರಿನೊಳಗೇ ಡೆಬಿಯನ್ 11ರ ಒಂದು ಕಂಟೇನರ್ ತಯಾರಾಗುತ್ತದೆ. ‘ಡಿಸ್ಟ್ರೋಬಾಕ್ಸ್ ಎಂಟರ್ ಹಳೇಮನೆ’ ಎಂದು ಒಳಗೆ ಹೋಗಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ವೆಸ್ನಾತ್-1.14’ ಕೊಡಿ. ಕರ್ನಲ್ ನಿಮ್ಮದೇ, ಗ್ರಾಫಿಕ್ಸ್ ಕಾರ್ಡ್, ಸದ್ದು ನಿಮ್ಮದೇ, ಲೈಬ್ರರಿ ಮಾತ್ರ 2021ರವು. ಒಂದು ಊರಿನೊಳಗೆ ಹಳೇ ವಾಡೆ ಹಾಗೇ ನಿಂತಿರುವಂತೆ ಇದು, ಒಳಗೆ ಹೋದರೆ ಹಳೇ ಕಾಲ, ಹೊರಗೆ ಬಂದರೆ ಈಗಿನ ರಸ್ತೆ. ಡಿಸ್ಟ್ರೋಬಾಕ್ಸ್ ನಿಮ್ಮ ಹೋಮ್ ಫೋಲ್ಡರನ್ನೇ ಒಳಗೂ ತೋರಿಸುವುದರಿಂದ ಹಳೇ 1.14 ಫೋಲ್ಡರ್ ಅದಕ್ಕೆ ತಾನಾಗಿ ಸಿಗುತ್ತದೆ, ನಿಮ್ಮ ಅರ್ಧ ಆಟ ಪಟ್ಟಿಯಲ್ಲಿ ಬಂದು ಕೂರುತ್ತದೆ. ಹಾಸ್ಟೆಲ್ ವೈಫೈ ಇದ್ದಾಗ ಮಾಡಿ, ಡೌನ್‌ಲೋಡ್ ಕೆಲವು ನೂರು ಎಂಬಿ ಆಗುತ್ತದೆ.

ಸೋರ್ಸ್ ತಂದು ನೀವೇ ಕಂಪೈಲ್ ಮಾಡುವ ದಾರಿಯೂ ಇದೆ. ಗೊತ್ತಿದ್ದವರು ಮಾಡಲಿ, ಆದರೆ ಹಳೇ ಕೋಡಿಗೆ ಹೊಸ ಕಂಪೈಲರ್ ಜಗಳ ತೆಗೆಯುತ್ತದೆ. ಸಿ ಭಾಷೆಯ ಹಳೇ ಆಟಗಳು ಜಿಸಿಸಿ ಎಂಬ ಕಂಪೈಲರಿನ ಆವೃತ್ತಿ 10 ಬಂದ ಮೇಲೆ ‘ಮಲ್ಟಿಪಲ್ ಡೆಫಿನಿಶನ್’ ಎಂದು ನಿಲ್ಲುತ್ತವೆ, ಅಲ್ಲಿ ‘-ಎಫ್‌ಕಾಮನ್’ ಸೇರಿಸಬೇಕು. ಜಿಸಿಸಿ 14ರಲ್ಲಿ ಇನ್ನೂ ಬಿಗಿ ಮಾಡಿದ್ದಾರೆ, ಮೊದಲು ಬರೀ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದ ತಪ್ಪುಗಳಿಗೆ ಈಗ ಕೆಲಸವನ್ನೇ ನಿಲ್ಲಿಸುತ್ತದೆ. ಹಾಗಾಗಿ ಕಂಪೈಲ್ ಮಾಡುವುದಿದ್ದರೂ ಆ ಕಂಟೇನರಿನೊಳಗೇ ಮಾಡಿ, ಆ ಕಾಲದ ಕಂಪೈಲರ್ ಅಲ್ಲಿ ಸಿಗುತ್ತದೆ.

ಪ್ರಶ್ನೆ: ಎಲ್ಲದಕ್ಕೂ ಇಷ್ಟು ಕಷ್ಟಪಡುವ ಬದಲು 2005ರ ಲಿನಕ್ಸ್ ಡಿಸ್ಕನ್ನೇ ಹುಡುಕಿ ಹಾಕಿದರೆ ಆಗುವುದಿಲ್ಲವೇ?
(ಸವಣೂರಿನ ಓದುಗರು)

ಉತ್ತರ: ಹೊಸ ಮಷೀನಿನಲ್ಲಿ ಅದು ಏಳುವುದೇ ಕಷ್ಟ. ಈಗಿನ ವೈಫೈ, ಗ್ರಾಫಿಕ್ಸ್, ಎನ್‌ವಿಎಂಇ ಡಿಸ್ಕ್ ಯಾವುದೂ ಆ ಕರ್ನಲ್‌ಗೆ ಗೊತ್ತಿಲ್ಲ. ಎದ್ದರೂ ಇಂಟರ್ನೆಟ್ಟಿಗೆ ಜೋಡಿಸುವ ಹಾಗಿಲ್ಲ, ಇಪ್ಪತ್ತು ವರ್ಷದಿಂದ ಒಂದೂ ಸೆಕ್ಯುರಿಟಿ ಅಪ್‌ಡೇಟ್ ಇಲ್ಲ. ಬೇಕೇ ಬೇಕೆಂದರೆ ವರ್ಚುವಲ್ ಮಷೀನಿನಲ್ಲಿ, ನೆಟ್‌ವರ್ಕ್ ತೆಗೆದು ಹಾಕಿ. ಅಲ್ಲಿ 3ಡಿ ಆಟಕ್ಕೆ ವೇಗ ಸಿಗುವುದಿಲ್ಲ, ಹಳೇ 2ಡಿ ಆಟಗಳಿಗೆ ಸಾಕು.

ಪ್ರಶ್ನೆ: ಏಜ್ ಆಫ್ ಎಂಪೈರ್ಸ್ 2ರ ಮೂಲ ಡಿಸ್ಕ್ ನನ್ನ ಹತ್ತಿರ ಇದೆ. ನಮ್ಮ ನಾಲ್ಕು ಜನ ಗೆಳೆಯರು ಧಾರವಾಡದ ಸೈಬರ್ ಕೆಫೆಯಲ್ಲಿ ರಾತ್ರಿಯೆಲ್ಲ ಆಡಿದ ಆಟ. ಲಿನಕ್ಸಿನಲ್ಲಿ ವೈನ್ ಹಾಕಿ ಇನ್‌ಸ್ಟಾಲ್ ಮಾಡಿದೆ. ಬಣ್ಣ ಕೆಟ್ಟು ಕಾಣುತ್ತದೆ, ಪರದೆ ಮೂಲೆಗೆ ಸೇರುತ್ತದೆ, ಒಬ್ಬರಿಗೊಬ್ಬರು ಜೋಡಿಸಿ ಆಡಲೂ ಆಗುತ್ತಿಲ್ಲ. ಇವರೆಲ್ಲ ದೀಪಾವಳಿಗೆ ಊರಿಗೆ ಬರುತ್ತಾರೆ.
(ಒಬ್ಬ ಓದುಗರು, ಸಪ್ತಾಪುರ, ಧಾರವಾಡ)

ಉತ್ತರ: ದೀಪಾವಳಿಗೆ ಮೊದಲೇ ಸರಿ ಮಾಡಿಬಿಡೋಣ.

1999ರ ಈ ಆಟ ಒಟ್ಟು 256 ಬಣ್ಣದ ಪಟ್ಟಿ ಇಟ್ಟುಕೊಂಡು ವಿಂಡೋಸಿನ ಡೈರೆಕ್ಟ್‌ಡ್ರಾ ಮೂಲಕ ಚಿತ್ರ ಬಿಡಿಸುತ್ತದೆ. ಈಗಿನ ಪರದೆ ಆ ಪದ್ಧತಿಯಲ್ಲಿ ನಡೆಯುವುದಿಲ್ಲ. ಪರದೆಯ ಅಳತೆಯನ್ನೂ ಆಟ ತಾನೇ ಬದಲಿಸಲು ನೋಡುತ್ತದೆ, ಈಗಿನ ಲಿನಕ್ಸಿನಲ್ಲಿ ಪರದೆ ನೋಡಿಕೊಳ್ಳುವ ವೇಲ್ಯಾಂಡ್ ಅದಕ್ಕೆ ಬಿಡುವುದಿಲ್ಲ. ಎರಡಕ್ಕೂ ಒಂದೇ ಮದ್ದು ‘ಸಿಎನ್‌ಸಿ-ಡಿಡ್ರಾ’. ಅದರ ‘ಡಿಡ್ರಾ.ಡಿಎಲ್‌ಎಲ್’ ಫೈಲನ್ನು ಆಟದ ಪ್ರೋಗ್ರಾಂ ಇರುವ ಫೋಲ್ಡರಿನಲ್ಲಿ ಇಡಿ. ‘ವೈನ್‌ಸಿಎಫ್‌ಜಿ’ ತೆರೆದು, ಲೈಬ್ರರೀಸ್ ಎಂಬ ಪುಟದಲ್ಲಿ ‘ಡಿಡ್ರಾ’ ಸೇರಿಸಿ ‘ನೇಟಿವ್, ದೆನ್ ಬಿಲ್ಟಿನ್’ ಆರಿಸಿ. ಇದನ್ನು ಮರೆತರೆ ವೈನ್ ತನ್ನದನ್ನೇ ಬಳಸುತ್ತದೆ, ನೀವು ಇಟ್ಟ ಫೈಲ್ ಸುಮ್ಮನೆ ಕೂತಿರುತ್ತದೆ.

ಜೋಡಿಸಿ ಆಡಲು ಆಟ ಬಳಸುವುದು ಡೈರೆಕ್ಟ್‌ಪ್ಲೇ. ‘ವೈನ್‌ಟ್ರಿಕ್ಸ್ ಡೈರೆಕ್ಟ್‌ಪ್ಲೇ’ ಕೊಟ್ಟು ಅದನ್ನು ಹಾಕಿಕೊಳ್ಳಿ. ನಾಲ್ಕೂ ಮಷೀನಿನಲ್ಲಿ ಆಟದ ಆವೃತ್ತಿ ಒಂದೇ ಇರಬೇಕು. ಕಾಂಕರರ್ಸ್ ಎಂಬ ಹೆಚ್ಚುವರಿ ಭಾಗ ಸೇರಿಸಿದ್ದರೆ ಎಲ್ಲರೂ 1.0ಸಿ ಪ್ಯಾಚ್ ಹಾಕಲಿ. ಫೈರ್‌ವಾಲ್ ಆ ಹೊತ್ತಿಗೆ ಮನೆಯ ನೆಟ್‌ವರ್ಕಿಗೆ ದಾರಿ ಬಿಟ್ಟಿರಬೇಕು. ಒಂದು ಸಲ ಮೊದಲೇ ಇಬ್ಬರು ಸೇರಿ ಪರೀಕ್ಷೆ ಮಾಡಿ ನೋಡಿ, ಹಬ್ಬದ ರಾತ್ರಿ ಇದಕ್ಕೆ ಹೊತ್ತು ಹಾಳಾಗುವುದು ಬೇಡ.

ಇನ್ನೊಂದು ಅನುಕೂಲ ಹೇಳುತ್ತೇನೆ. ಆ ಕಾಲದ ಕೆಲವು ಆಟಗಳು 32 ಬಿಟ್ ಆದರೂ ಅವುಗಳ ಇನ್‌ಸ್ಟಾಲರ್ 16 ಬಿಟ್. 64 ಬಿಟ್ ವಿಂಡೋಸ್ ಅದನ್ನು ಮುಟ್ಟುವುದೇ ಇಲ್ಲ, ವೈನ್ ಓಡಿಸಬಲ್ಲದು. ಹಳೇ ವಿಂಡೋಸ್ ಆಟಕ್ಕೆ ಹೊಸ ವಿಂಡೋಸ್‌ಗಿಂತ ಲಿನಕ್ಸೇ ವಾಸಿ ಎಂದು ನಾನು ಹೇಳುವುದು ಇಂಥದ್ದಕ್ಕೇ.

ಆದರೆ ಒಂದು ಎಚ್ಚರ. ಎಲ್ಲೋ ಸಿಕ್ಕ ‘ಡಿಸ್ಕ್ ಬೇಡದ’ ಪ್ರೋಗ್ರಾಂ ಫೈಲನ್ನು ತಂದು ವೈನಿನಲ್ಲಿ ಓಡಿಸಬೇಡಿ. ವೈನ್ ಇದೆ, ವೈರಸ್ ಏನೂ ಮಾಡಲ್ಲ ಅಂದುಕೊಳ್ಳುವವರಿದ್ದಾರೆ. ವೈನ್ ನಿಮ್ಮ ಇಡೀ ಕಂಪ್ಯೂಟರನ್ನು ಝಡ್ ಡ್ರೈವ್ ಎಂದು ಆ ಪ್ರೋಗ್ರಾಮಿಗೆ ತೋರಿಸುತ್ತದೆ. ನಿಮ್ಮ ಫೋಟೊ, ಬ್ಯಾಂಕಿನ ಕಾಗದ ಎಲ್ಲ ಅದರ ಕೈಗೆ ಸಿಗುತ್ತವೆ. ಡಿಸ್ಕ್ ಹಾಳಾಗಿದ್ದರೆ ಸ್ಟೀಮಿನಲ್ಲಿ 2019ರ ಡೆಫಿನಿಟಿವ್ ಎಡಿಶನ್ ಸಿಗುತ್ತದೆ, ವೈನ್ ಮೇಲೆ ಕಟ್ಟಿದ ಸ್ಟೀಮಿನ ಪ್ರೋಟಾನ್ ಮೂಲಕ ಲಿನಕ್ಸಿನಲ್ಲಿ ನಡೆಯುತ್ತದೆ. ಆಟ ಅದೇ, ಆದರೆ ಹಳೇ ಗಡಸು ಚಿತ್ರದ ರುಚಿ ಬೇರೆ ಎಂಬುದು ನನ್ನ ಅನಿಸಿಕೆ.

ಪ್ರಶ್ನೆ: ಅಂಕಲ್, ನಾನು 9ನೇ ಕ್ಲಾಸ್. ಮೈನ್‌ಕ್ರಾಫ್ಟ್ 1.8.9 ಆಡಬೇಕು, ನನ್ನ ಫ್ರೆಂಡ್ಸ್ ಎಲ್ಲ ಅದನ್ನೇ ಆಡುತ್ತಾರೆ. ಫೆಡೋರಾದಲ್ಲಿ ಪ್ಲೇ ಒತ್ತಿದರೆ ಕೂಡಲೇ ಮುಚ್ಚಿಕೊಳ್ಳುತ್ತದೆ. 1.20 ಚೆನ್ನಾಗಿ ನಡೆಯುತ್ತದೆ.
(ಬ್ಯಾಡಗಿ, ಹಾವೇರಿ ಜಿಲ್ಲೆ)

ಉತ್ತರ: ತಮ್ಮಾ, ಎರಡು ವಿಷಯ ನೋಡು. ಒಂದು ಜಾವಾ. 1.16ರವರೆಗಿನ ಮೈನ್‌ಕ್ರಾಫ್ಟಿಗೆ ಜಾವಾ 8 ಬೇಕು, 1.18ರಿಂದ 1.20.4ರವರೆಗೆ ಜಾವಾ 17. ಸೆಟ್ಟಿಂಗಿನಲ್ಲಿ ಎಲ್ಲದಕ್ಕೂ ಹೊಸ ಜಾವಾ ಎಂದು ಕೊಟ್ಟಿದ್ದರೆ 1.8.9ಕ್ಕೆ ಮಾತ್ರ ಬದಲಿಸು. ಎರಡನೆಯದು ‘ಎಕ್ಸ್‌ರ‍್ಯಾಂಡರ್’ ಎಂಬ ಪುಟ್ಟ ಪ್ರೋಗ್ರಾಂ. 1.12ರವರೆಗಿನ ಆವೃತ್ತಿಗಳು ಪರದೆಯ ಅಳತೆ ಕೇಳಲು ಅದನ್ನೇ ನಂಬಿವೆ, ಅದು ಇಲ್ಲದಿದ್ದರೆ ಬಿದ್ದುಹೋಗುತ್ತವೆ. ‘ಸುಡೊ ಡಿಎನ್‌ಎಫ್ ಇನ್‌ಸ್ಟಾಲ್ ಎಕ್ಸ್‌ರ‍್ಯಾಂಡರ್’ ಕೊಡು.

1.20ರಲ್ಲಿ ಕಟ್ಟಿದ ಲೋಕವನ್ನು 1.8.9ರಲ್ಲಿ ತೆರೆಯಬೇಡ, ಕೆಟ್ಟುಹೋಗುತ್ತದೆ. ಹಳೇ ಆವೃತ್ತಿಗೆ ಬೇರೆಯೇ ಫೋಲ್ಡರ್ ಕೊಡು. ನೀವೇ ಸರ್ವರ್ ನಡೆಸುವುದಾದರೆ ದೊಡ್ಡವರಿಗೂ ಒಂದು ಮಾತು ಹೇಳು: 2021ರ ಡಿಸೆಂಬರಿನಲ್ಲಿ ‘ಲಾಗ್4ಜೆ’ ಎಂಬ ಲೈಬ್ರರಿಯಲ್ಲಿ ಒಂದು ದೊಡ್ಡ ಭದ್ರತಾ ತೂತು ಸಿಕ್ಕಿತ್ತು, 1.7ರಿಂದ 1.18ರವರೆಗಿನ ಸರ್ವರುಗಳಿಗೆ ಅದು ತಟ್ಟುತ್ತದೆ. ಅದರ ಪರಿಹಾರ ಹಾಕದೆ ಆ ಸರ್ವರನ್ನು ಹೊರಗಿನವರಿಗೆ ತೆರೆಯುವುದು ಬೇಡ, ಮನೆಯೊಳಗಿನ ನೆಟ್‌ವರ್ಕಿನಲ್ಲಿ ಆಡಿ.

ಪ್ರಶ್ನೆ: ಹಳೇ ಆಟದ ಸಿಡಿಗಳು ಒಂದು ಡಬ್ಬಿ ತುಂಬ ಇವೆ. ಕೆಲವು ಗೀರು ಬಿದ್ದಿವೆ. ಮೊದಲ ಕ್ವೇಕಿನ ಸಿಡಿಯನ್ನು ಐಎಸ್‌ಓ (ಡಿಸ್ಕಿನ ನಕಲು ಫೈಲ್) ಮಾಡಿಟ್ಟಿದ್ದೆ, ಈಗ ಆಟ ನಡೆಯುತ್ತದೆ ಆದರೆ ಸಂಗೀತ ಇಲ್ಲ. ಯಾಕೆ?
(ಒಬ್ಬ ಶಿಕ್ಷಕಿ, ರಾಣೆಬೆನ್ನೂರು)

ಉತ್ತರ: ಅಕ್ಕೋರೇ, 1996ರ ಕ್ವೇಕ್ ಸಿಡಿ ಅರ್ಧ ಡೇಟಾ ಡಿಸ್ಕ್, ಅರ್ಧ ಹಾಡಿನ ಡಿಸ್ಕ್. ಮೊದಲ ಟ್ರ್ಯಾಕ್ ಆಟ, 2ರಿಂದ 11ರವರೆಗೆ ಸಂಗೀತ. ನೈನ್ ಇಂಚ್ ನೇಲ್ಸ್ ತಂಡ ಮಾಡಿದ್ದು. ಐಎಸ್‌ಓ ಫೈಲಿಗೆ ಹಾಡಿನ ಟ್ರ್ಯಾಕ್ ಹಿಡಿಸುವುದೇ ಇಲ್ಲ, ಮೊದಲನೆಯದನ್ನಷ್ಟೇ ತೆಗೆದುಕೊಂಡು ನಿಲ್ಲುತ್ತದೆ. ಸಿಡಿ ಇನ್ನೂ ಇದ್ದರೆ ಯಾವುದಾದರೂ ಸಿಡಿ ರಿಪ್ಪರಿನಿಂದ ಹಾಡುಗಳನ್ನು ಓಜಿಜಿ ಫೈಲುಗಳಾಗಿ ತೆಗೆಯಿರಿ. ‘ಟ್ರ್ಯಾಕ್02.ಓಜಿಜಿ’ಯಿಂದ ಹೆಸರು ಕೊಡುತ್ತಾ ಹೋಗಿ, ‘ಐಡಿ1’ ಫೋಲ್ಡರಿನೊಳಗೆ ‘ಮ್ಯೂಸಿಕ್’ ಎಂಬ ಫೋಲ್ಡರ್ ಮಾಡಿ ಹಾಕಿ. ಕ್ವೇಕ್‌ಸ್ಪಾಸ್ಮ್, ವಿಕೆಕ್ವೇಕ್ ಎಂಬ ಈಗಿನ ಎಂಜಿನ್‌ಗಳು ಅಲ್ಲಿಂದಲೇ ನುಡಿಸುತ್ತವೆ. ಡಿಸ್ಕ್ ಪೂರ್ತಿಯಾಗಿ ಉಳಿಸಲು ‘ಸಿಡಿಆರ್‌ಡಿಎಓ’ ಬಳಸಿ ಬಿನ್ ಫೈಲ್ ಮತ್ತು ಅದರ ಟ್ರ್ಯಾಕ್ ಪಟ್ಟಿ ಎರಡನ್ನೂ ಮಾಡಿಕೊಳ್ಳಿ.

ಗೀರು ಬಿದ್ದ ಡೇಟಾ ಡಿಸ್ಕಿಗೆ ‘ಡಿಡಿರೆಸ್ಕ್ಯೂ’. ‘ಡಿಡಿರೆಸ್ಕ್ಯೂ -ಎನ್ -ಬಿ 2048’, ಆಮೇಲೆ ಡ್ರೈವಿನ ಹೆಸರು, ಐಎಸ್‌ಓ ಹೆಸರು, ಕೊನೆಗೆ ಒಂದು ಮ್ಯಾಪ್ ಫೈಲಿನ ಹೆಸರು. ಮೊದಲು ಓದಲು ಬರುವುದನ್ನೆಲ್ಲ ಬೇಗ ತೆಗೆದುಕೊಳ್ಳುತ್ತದೆ. ಎಲ್ಲಿ ಓದಲಾಗಲಿಲ್ಲ ಅನ್ನುವುದು ಮ್ಯಾಪ್ ಫೈಲಿನಲ್ಲಿ ಇರುತ್ತದೆ, ಅದನ್ನು ಅಳಿಸಬೇಡಿ. ಎರಡನೇ ಸಲ ‘-ಎನ್’ ತೆಗೆದು ‘-ಆರ್3’ ಕೊಟ್ಟರೆ ಉಳಿದ ಜಾಗಗಳನ್ನಷ್ಟೇ ಮತ್ತೆ ಓದುತ್ತದೆ. ಆಗಲೂ ಉಳಿದರೆ ಬೇರೆಯವರ ಡ್ರೈವಿನಲ್ಲಿ ಅದೇ ಮ್ಯಾಪ್ ಫೈಲ್ ಇಟ್ಟುಕೊಂಡು ಮುಂದುವರಿಸಿ, ಒಂದು ಡ್ರೈವ್ ಓದದ್ದನ್ನು ಇನ್ನೊಂದು ಎಷ್ಟೋ ಸಲ ಓದುತ್ತದೆ. ಡಿಸ್ಕನ್ನು ಮೆತ್ತಗಿನ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ. ಡಬ್ಬಿಯನ್ನು ಅಟ್ಟದಿಂದ ಇಳಿಸಿ ಬಿಸಿಲು, ತೇವ ತಾಗದ ಕಡೆ ಇಡಿ. ಗೀರು ಜಾಸ್ತಿ ಇರುವ ಡಿಸ್ಕುಗಳಿಂದಲೇ ಶುರು ಮಾಡಿ, ಈ ಬೇಸಿಗೆ ರಜೆಯಲ್ಲೇ.